ಹಿರಿಯರ ಮೂಳೆ ಮತ್ತು ವಿಟಮಿನ್ ಡಿ: ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪಾವಗಡದ ಕಡೆಯ ಒಂದು ಊರಿನಲ್ಲಿ ನಾನು ಔಷಧಿ ಅಂಗಡಿ ನಡೆಸುತ್ತೇನೆ. "ಅಕ್ಕ, ಆ ವಾರಕ್ಕೊಂದು ಪೌಡರ್ ಕೊಡಿ" ಅಂತ ದಿನಕ್ಕೆ ಒಬ್ಬರಾದರೂ ಬರುತ್ತಾರೆ. ಅವರು ಕೇಳುವುದು ವಿಟಮಿನ್ ಡಿ ಪೌಡರ್. ಹೆಚ್ಚಿನವರು ಅಪ್ಪ ಅಮ್ಮನಿಗೋ, ಅತ್ತೆ ಮಾವನಿಗೋ ಒಯ್ಯುವವರು. ಪೌಡರ್ ಕೊಡುವಾಗ ಪ್ರಶ್ನೆಗಳೂ ಬರುತ್ತವೆ. ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ಔಷಧಿ ಓದಿದವಳು. ನಿಮ್ಮ ಮನೆಯವರಿಗೆ ಎಷ್ಟು ಡೋಸ್ ಬೇಕು ಅನ್ನುವುದನ್ನು ಅವರನ್ನು ನೋಡಿದ ಡಾಕ್ಟರೇ ಹೇಳಬೇಕು.

ಅಮ್ಮನಿಗೆ ಮಂಡಿ ನೋವು. ಮೂಳೆ ಸವೆದಿದೆ ಅಂದರು. ವಿಟಮಿನ್ ಡಿ ಕೊಟ್ರೆ ಸರಿ ಹೋಗುತ್ತಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಇಲ್ಲಿರುವ ಗೊಂದಲಕ್ಕೆ ನಮ್ಮ ಮಾತೇ ಕಾರಣ. ಮೂರು ಬೇರೆ ಬೇರೆ ತೊಂದರೆಗೆ ನಾವು "ಮೂಳೆ ಸವೆತ" ಅನ್ನುವ ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ.

ಮೊದಲನೆಯದು ಮಂಡಿ ಸವೆತ. ಇಲ್ಲಿ ಸವೆಯುವುದು ಕೀಲಿನೊಳಗಿನ ಮೃದ್ವಸ್ಥಿ, ಅಂದರೆ ಎರಡು ಮೂಳೆಗಳು ಉಜ್ಜದಂತೆ ನಡುವೆ ಇರುವ ನುಣುಪಾದ ಪದರ. ಮೆಟ್ಟಿಲು ಇಳಿಯುವಾಗ ನೋವು, ಕೂತು ಏಳುವಾಗ ಕಟಕಟ ಸದ್ದು, ಬೆಳಿಗ್ಗೆ ಸ್ವಲ್ಪ ಹೊತ್ತು ಬಿಗಿತ. ಡಾಕ್ಟರುಗಳು ಇದನ್ನು ಆಸ್ಟಿಯೋ ಆರ್ಥ್ರೈಟಿಸ್ ಅನ್ನುತ್ತಾರೆ. ವಿಟಮಿನ್ ಡಿ ತೆಗೆದುಕೊಂಡರೆ ಆ ಪದರ ಮತ್ತೆ ಬೆಳೆಯುವುದಿಲ್ಲ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮತ್ತು ತೂಕ ಇಳಿಸುವುದು ಇದಕ್ಕೆ ನಿಜವಾಗಿ ಸಹಾಯ ಮಾಡುತ್ತವೆ.

ಎರಡನೆಯದು ಮೂಳೆ ಟೊಳ್ಳಾಗುವುದು, ಆಸ್ಟಿಯೋಪೊರೋಸಿಸ್. ಗೆದ್ದಲು ತಿಂದ ತೊಲೆಯ ಹಾಗೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನೋವೂ ಇರುವುದಿಲ್ಲ. ಒಂದು ದಿನ ಕಾಲು ಜಾರಿ ಬಿದ್ದಾಗ ಮಣಿಕಟ್ಟೋ ಸೊಂಟದ ಕೀಲೋ ಮುರಿಯುತ್ತದೆ, ಆಗಲೇ ಗೊತ್ತಾಗುವುದು.

ಮೂರನೆಯದು ಮೂಳೆ ಮೆತ್ತಗಾಗುವುದು, ಆಸ್ಟಿಯೋಮಲೇಶಿಯ. ಮಕ್ಕಳಿಗೆ ರಿಕೆಟ್ಸ್ ಬರುವ ಹಾಗೆ ದೊಡ್ಡವರಿಗೆ ಇದು. ವಿಟಮಿನ್ ಡಿ ತೀರಾ ಕಡಿಮೆಯಾಗಿ ಬಹಳ ಕಾಲ ಹಾಗೇ ಇದ್ದಾಗ ಮೂಳೆಗೆ ಖನಿಜ ಕೂರುವುದಿಲ್ಲ. ಸೊಂಟ, ತೊಡೆ, ಪಕ್ಕೆಲುಬು ಎಲ್ಲ ಕಡೆ ಮಂಕಾದ ನೋವು. ಮೊಣಕಾಲ ಕೆಳಗೆ ಕಾಲಿನ ಮುಂಭಾಗದ ಮೂಳೆ ಒತ್ತಿದರೆ "ಅಯ್ಯೋ" ಅನ್ನುತ್ತಾರೆ. ಇದಕ್ಕೆ ಮಾತ್ರ ವಿಟಮಿನ್ ಡಿಯೇ ಮುಖ್ಯ ಮದ್ದು. ಕೆಲವೇ ತಿಂಗಳಲ್ಲಿ ಗುಣ ಕಾಣುತ್ತದೆ.

ಹಾಗಾಗಿ "ಸವೆತ" ಅಂದಾಗ "ಯಾವ ಸವೆತ ಡಾಕ್ಟ್ರೇ, ಕೀಲಿನದಾ ಮೂಳೆಯದಾ" ಅಂತ ಒಂದು ಮಾತು ಕೇಳಿ. ಒಬ್ಬರಿಗೇ ಮೂರೂ ಇರಬಹುದು.

ಅಸಲಿಗೆ ವಿಟಮಿನ್ ಡಿ ಮೂಳೆಗೆ ಏನು ಮಾಡುತ್ತೆ?

ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ಅದು ಬೇಕು. ಅದು ಕಡಿಮೆಯಾದರೆ ತಿಂದ ಕ್ಯಾಲ್ಸಿಯಂನಲ್ಲಿ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಆದರೆ ಹೃದಯ ಬಡಿಯಲು, ಸ್ನಾಯು ಅಲುಗಾಡಲು ರಕ್ತದಲ್ಲಿ ಕ್ಯಾಲ್ಸಿಯಂ ಇರಲೇಬೇಕು. ಆಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಮಳೆ ಇಲ್ಲದ ವರ್ಷ ಬಿತ್ತನೆಗೆ ಇಟ್ಟ ಕಾಳನ್ನೂ ಕಣಜದಿಂದ ತೆಗೆದು ಉಂಡ ಹಾಗೆ. ವರ್ಷಗಟ್ಟಲೆ ಹೀಗೆ ನಡೆದರೆ ಕಣಜ ಬರಿದಾಗುತ್ತದೆ.

ಚರ್ಮದಲ್ಲಿ ಬಿಸಿಲಿನಿಂದ ತಯಾರಾಗುವ ವಿಟಮಿನ್ ಡಿ ಹಾಗೇ ಕೆಲಸಕ್ಕೆ ಬರುವುದಿಲ್ಲ. ಮೊದಲು ಲಿವರ್‌ನಲ್ಲಿ, ಆಮೇಲೆ ಕಿಡ್ನಿಯಲ್ಲಿ ಅದು ಬದಲಾಗಬೇಕು. ಅದಕ್ಕೇ ಕಿಡ್ನಿ ತೊಂದರೆ ಇರುವ ಹಿರಿಯರಿಗೆ ಮದ್ದಿನ ಲೆಕ್ಕವೇ ಬೇರೆ. ಪಕ್ಕದ ಮನೆಯವರ ಚೀಟಿ ನೋಡಿ ಅವರಿಗೆ ಕೊಡಬೇಡಿ.

ನಮ್ಮೂರಲ್ಲಿ ವರ್ಷಪೂರ್ತಿ ಬಿಸಿಲು. ಆದ್ರೂ ಕೊರತೆ ಅಂದ್ರೆ ನಂಬೋದು ಹೇಗೆ?

ಬಿಸಿಲು ಊರಿಗೆ ಬಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು. ನಮ್ಮ ಕಡೆ ಹೊಲದ ಕೆಲಸಕ್ಕೆ ಹೋಗುವ ಅರವತ್ತರ ಹೆಂಗಸರಿಗೂ, ಅದೇ ಬೀದಿಯಲ್ಲಿ ಮಗನ ಆರ್‌ಸಿಸಿ ಮನೆಯೊಳಗೆ ಟಿವಿ ಮುಂದೆ ಕೂರುವ ಅರವತ್ತರ ಹೆಂಗಸರಿಗೂ ಸಿಗುವ ಬಿಸಿಲು ಒಂದೇ ಅಲ್ಲ. ಮೊದಲು ಜಗಲಿ ಇತ್ತು, ಹಿತ್ತಲಿತ್ತು, ಹಪ್ಪಳ ಸಂಡಿಗೆ ಕಾಯುತ್ತಾ ಅಜ್ಜಿ ಮಾಳಿಗೆ ಮೇಲೆ ಕೂತಿರುತ್ತಿದ್ದರು. ಈಗ ಮೆಟ್ಟಿಲು ಹತ್ತಲಾಗದೆ ಒಳಗೇ ಉಳಿಯುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಇರುವವರ ಪಾಡು ಇನ್ನೂ ಕಷ್ಟ.

ಜೊತೆಗೆ ವಯಸ್ಸು. ಎಪ್ಪತ್ತರ ಚರ್ಮ ಅದೇ ಬಿಸಿಲಿನಲ್ಲಿ ಇಪ್ಪತ್ತರ ಚರ್ಮ ಮಾಡುವುದರ ಅರ್ಧದಷ್ಟೂ ವಿಟಮಿನ್ ಡಿ ಮಾಡುವುದಿಲ್ಲ. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ದಪ್ಪ ಮೈಯವರಲ್ಲಿ ವಿಟಮಿನ್ ಡಿ ಕೊಬ್ಬಿನಲ್ಲಿ ಸೇರಿ ಕೂರುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಮಾತ್ರೆಗಳು ಇದ್ದ ವಿಟಮಿನ್ ಡಿಯನ್ನೂ ಬೇಗ ಖರ್ಚು ಮಾಡಿಸುತ್ತವೆ.

ಬೆಳಗ್ಗೆ ಎಳೆಬಿಸಿಲಲ್ಲಿ ಕೂತರೆ ಸಾಕಲ್ವಾ?

ಮನಸ್ಸಿಗೆ ಹಿತ, ಆದರೆ ವಿಟಮಿನ್ ಡಿ ಲೆಕ್ಕಕ್ಕೆ ಸಾಲದು. ಅದನ್ನು ಮಾಡಿಸುವ ಕಿರಣ ಸೂರ್ಯ ಮೇಲೆ ಬಂದಾಗ ಮಾತ್ರ ನೆಲಕ್ಕೆ ಮುಟ್ಟುತ್ತದೆ. ಏಳು ಗಂಟೆಯ ಬಿಸಿಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಅಕ್ಷಾಂಶಕ್ಕೆ ಹತ್ತಿರವೇ ಇರುವ ತಿರುಪತಿಯಲ್ಲಿ ನಡೆದ ಅಧ್ಯಯನದಲ್ಲಿ ಹನ್ನೊಂದರಿಂದ ಎರಡು ಗಂಟೆಯ ಬಿಸಿಲೇ ಹೆಚ್ಚು ಕೆಲಸ ಮಾಡಿತ್ತು.

ಗಡಿಯಾರ ಬೇಡ, ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಕೆಲಸಕ್ಕೆ ಬರುತ್ತದೆ. ಉದ್ದವಾಗಿದ್ದರೆ ಇಲ್ಲ.

ಆದರೆ ಹಿರಿಯರನ್ನು ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಹೊರಗೆ ಕೂರಿಸಬೇಡಿ. ತಲೆ ಸುತ್ತಿ ಬಿದ್ದರೆ ಮೂಳೆಗೆಂದು ಮಾಡಿದ್ದು ಮೂಳೆಯನ್ನೇ ಮುರಿಯುತ್ತದೆ. ಬೇಸಿಗೆಯಲ್ಲಿ ಹತ್ತು ಗಂಟೆಯ ಸುಮಾರಿಗೆ, ಚಳಿಗಾಲದಲ್ಲಿ ಹನ್ನೊಂದರ ಮೇಲೆ. ತಲೆಗೆ ಟವೆಲ್, ಪಕ್ಕದಲ್ಲಿ ನೀರು. ಮೊಣಕೈವರೆಗೆ ತೋಳು, ಮೊಣಕಾಲ ಕೆಳಗಿನ ಭಾಗ ತೆರೆದಿರಲಿ. ಇಪ್ಪತ್ತು ಮೂವತ್ತು ನಿಮಿಷ, ವಾರಕ್ಕೆ ನಾಲ್ಕೈದು ದಿನ. ಕಿಟಕಿಯ ಗಾಜಿನ ಒಳಗೆ ಬೀಳುವ ಬಿಸಿಲು ಬೆಚ್ಚಗಿರುತ್ತದೆ, ಆದರೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಬಾಲ್ಕನಿಯ ಗಾಜು ಸರಿಸಿ ಕೂರಿ. ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಅಷ್ಟಾಗಿ ನಡೆಯುವುದಿಲ್ಲ.

ಕೊರತೆ ಇದೆ ಅಂತ ಮನೆಯಲ್ಲೇ ಗೊತ್ತಾಗುತ್ತಾ?

ಖಚಿತವಾಗಿ ಅಲ್ಲ. ಆದರೆ ಒಂದು ಗುರುತನ್ನು ನಾನು ಎಲ್ಲರಿಗೂ ಹೇಳುತ್ತೇನೆ: ಏಳುವುದನ್ನು ಗಮನಿಸಿ. ಕೊರತೆ ಜಾಸ್ತಿಯಾದಾಗ ಸೊಂಟ, ತೊಡೆಯ ದೊಡ್ಡ ಸ್ನಾಯುಗಳೇ ಮೊದಲು ಸೋಲುತ್ತವೆ. ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಂಡು ಏಳುತ್ತಿದ್ದವರು ಈಗ ಕೈ ಊರುತ್ತಾರೆ, ಆಮೇಲೆ ಯಾರಾದರೂ ಕೈ ಹಿಡಿದು ಎಬ್ಬಿಸಬೇಕು. ಇಂಡಿಯನ್ ಟಾಯ್ಲೆಟ್‌ನಿಂದ ಏಳಲು ನಲ್ಲಿ ಹಿಡಿಯುತ್ತಾರೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಡಕ್ಟರ್ ಕೈ ಕೊಡಬೇಕಾಗುತ್ತದೆ. ನಡಿಗೆ ಬಾತುಕೋಳಿಯ ಹಾಗೆ ಆ ಕಡೆ ಈ ಕಡೆ ವಾಲುತ್ತದೆ.

ಇದನ್ನು ನೋಡಿ "ವಯಸ್ಸಾಯ್ತಲ್ಲ" ಅಂತ ಸುಮ್ನೆ ಇದ್ದುಬಿಡುತ್ತೇವೆ. ನನ್ನ ಅತ್ತೆಯ ವಿಷಯದಲ್ಲಿ ನಾನೂ ಹಾಗೇ ಇದ್ದೆ. ಅವರು ಆರು ತಿಂಗಳಿಂದ ಗೋಡೆ ಹಿಡಿದು ಏಳುತ್ತಿದ್ದರು. ದಿನಾ ಜನಕ್ಕೆ ವಿಟಮಿನ್ ಡಿ ಕೊಡುವವಳು ಮನೆಯಲ್ಲಿದ್ದೂ ಅದು ನನಗೆ ಹೊಳೆಯಲಿಲ್ಲ. ಆ ಬೇಸರ ಇನ್ನೂ ಇದೆ.

ರಕ್ತ ಪರೀಕ್ಷೆ ಮಾಡಿಸಿದ್ವಿ, 17 ಬಂದಿದೆ. ಅಪಾಯನಾ?

ಗಾಬರಿ ಬೇಡ. ಪರೀಕ್ಷೆಯ ಹೆಸರು 25 ಹೈಡ್ರಾಕ್ಸಿ ವಿಟಮಿನ್ ಡಿ. ಒಂದು ಮಿಲಿಲೀಟರ್‌ಗೆ ಎಷ್ಟು ನ್ಯಾನೋಗ್ರಾಂ ಅಂತ ಲೆಕ್ಕ. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಅನ್ನುವುದು ವಾಡಿಕೆ. 12ಕ್ಕಿಂತ ಕೆಳಗಿದ್ದರೆ ಮೂಳೆಗೆ ತೊಂದರೆ ಆಗುವ ಸಂಭವ ಜಾಸ್ತಿ, ತಡ ಮಾಡಬಾರದು. 20ರಿಂದ 30ರ ನಡುವೆ ಇದ್ದರೆ ಲ್ಯಾಬ್‌ನವರು ಅದಕ್ಕೂ ಕೆಂಪು ಗುರುತು ಹಾಕುತ್ತಾರೆ. ಅಷ್ಟಿದ್ದರೆ ಹೆಚ್ಚಿನವರಿಗೆ ಸಾಕು ಅನ್ನುವ ತಜ್ಞರೂ ಇದ್ದಾರೆ, ಸಾಲದು ಅನ್ನುವವರೂ ಇದ್ದಾರೆ. ಹಾಗಾಗಿ 24 ಬಂದಿದೆ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ.

ಕೆಲವು ಲ್ಯಾಬ್‌ಗಳು ನ್ಯಾನೋಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಆಗ 2.5ರಿಂದ ಭಾಗಿಸಿ. 50 ನ್ಯಾನೋಮೋಲ್ ಅಂದರೆ ನಮ್ಮ 20.

ಎಲ್ಲರೂ ಪರೀಕ್ಷೆ ಮಾಡಿಸಬೇಕಿಲ್ಲ. ಅಮೆರಿಕದ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2024ರ ಮಾರ್ಗಸೂಚಿಯೂ ಆರೋಗ್ಯವಾಗಿರುವವರಿಗೆ ಸುಮ್ಮನೆ ಈ ಪರೀಕ್ಷೆ ಬೇಡ ಅನ್ನುತ್ತದೆ. 75 ದಾಟಿದವರಿಗೆ ಪರೀಕ್ಷೆ ಇಲ್ಲದೆಯೇ ದಿನಾ ಸಣ್ಣ ಡೋಸ್ ಕೊಡಬಹುದು ಅನ್ನುತ್ತದೆ. ಮೂಳೆ ಮುರಿದವರು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು, ಮೇಲೆ ಹೇಳಿದ ಏಳುವ ಕಷ್ಟ ಇರುವವರು ಮಾಡಿಸಬೇಕು. ನಮ್ಮ ಕಡೆ ಪೆನ್ಶನ್ ದುಡ್ಡಿನಲ್ಲಿ ಬದುಕುವ ಹಿರಿಯರಿಗೆ ಈ ಪರೀಕ್ಷೆಯ ಖರ್ಚು ಹೊರೆಯೇ. ಆರು ತಿಂಗಳಿಗೊಮ್ಮೆ ಪ್ಯಾಕೇಜ್ ಮಾಡಿಸಿ ಅಂತ ಯಾರಾದರೂ ಅಂದರೆ, ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

60,000 ಯೂನಿಟ್ ಪೌಡರ್ ಹೇಗೆ ತಗೋಬೇಕು?

ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಪ್ಯಾಕೆಟ್ಟು, ಕ್ಯಾಪ್ಸೂಲ್ ಅಥವಾ ಸಣ್ಣ ಬಾಟಲಿಯಲ್ಲಿ ಬರುವ 60,000 ಯೂನಿಟ್ ವಾರಕ್ಕೆ ಒಂದು. ದಿನಕ್ಕೆ ಒಂದು ಅಲ್ಲ. ಕೊರತೆ ಇರುವವರಿಗೆ ಸಾಮಾನ್ಯವಾಗಿ ಎಂಟು ವಾರ ಬರೆದುಕೊಡುತ್ತಾರೆ. ಆಮೇಲೆ ತಿಂಗಳಿಗೆ ಒಂದು, ಇಲ್ಲವೇ ದಿನಕ್ಕೆ 800, 1,000 ಯೂನಿಟ್‌ನ ಸಣ್ಣ ಮಾತ್ರೆ. ಕೊರತೆ ತುಂಬಿದ ಮೇಲೆ ಐವತ್ತು ದಾಟಿದವರಿಗೆ ಅಪರೂಪಕ್ಕೊಂದು ದೊಡ್ಡ ಡೋಸ್‌ಗಿಂತ ದಿನಾ ಸಣ್ಣ ಡೋಸ್ ಮೇಲು ಅನ್ನುವ ಕಡೆಗೆ ಈಗ ತಜ್ಞರು ವಾಲಿದ್ದಾರೆ.

ನಮ್ಮ ಅಂಗಡಿಗೆ ಬರುವ ಒಬ್ಬ ತಾತನ ಚೀಟಿಯಲ್ಲಿ ಡೋಸ್ ಇಂಗ್ಲಿಷಿನಲ್ಲಿ ಗೀಚಿತ್ತು. ಅವರು ಬೇರೆ ಊರಿನಲ್ಲಿ ಮದ್ದು ಕೊಂಡಿದ್ದರು. ಉಳಿದ ಮಾತ್ರೆಗಳ ಜೊತೆ ಇದನ್ನೂ ದಿನಾ ರಾತ್ರಿ ಹಾಲಿಗೆ ಹಾಕಿ ಕುಡಿದರು. ತಿಂಗಳ ಮೇಲೆ ಹೀಗೇ ನಡೆಯಿತು. ಊಟ ಸೇರದು, ವಾಂತಿ, ಮಲಬದ್ಧತೆ, ತಡೆಯಲಾಗದ ಬಾಯಾರಿಕೆ, ಪದೇ ಪದೇ ಮೂತ್ರ. ಕೊನೆಗೆ ಮಾತು ತೊದಲಿ ಮಂಕಾದರು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು, ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಆಸ್ಪತ್ರೆಯಲ್ಲಿ ಎರಡು ವಾರ ಡ್ರಿಪ್ ಹಾಕಿಸಿಕೊಂಡು ಉಳಿದರು. ವಿಟಮಿನ್ ಡಿ ಮೈಯ ಕೊಬ್ಬಿನಲ್ಲಿ ಕೂರುವುದರಿಂದ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಅದರ ಪರಿಣಾಮ ಇರುತ್ತದೆ.

ಅಂದಿನಿಂದ ನಾನು ಪ್ಯಾಕೆಟ್ ಮೇಲೆ ಮಾರ್ಕರ್ ಪೆನ್ನಿನಲ್ಲಿ "ಭಾನುವಾರ ಮಾತ್ರ" ಅಂತ ದಪ್ಪಗೆ ಕನ್ನಡದಲ್ಲಿ ಬರೆದೇ ಕೊಡುತ್ತೇನೆ. ನೀವೂ ಬರೆಸಿಕೊಳ್ಳಿ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಎಂಟು ಮುಗಿದ ಮೇಲೆ ಹಳೇ ಚೀಟಿ ತೋರಿಸಿ ಮತ್ತೆ ಎಂಟು ತೆಗೆದುಕೊಳ್ಳುವುದು ಬೇಡ.

ಊಟದ ಜೊತೆ, ಸ್ವಲ್ಪ ಎಣ್ಣೆ ತುಪ್ಪ ಹಾಲು ಇರುವ ಹೊತ್ತಿನಲ್ಲಿ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಒಂದು ವಾರ ಮರೆತರೆ ನೆನಪಾದ ದಿನ ಒಂದು ತೆಗೆದುಕೊಳ್ಳಿ. ಎರಡು ಒಟ್ಟಿಗೆ ಬೇಡ.

ಒಂದೇ ಸಲ ಇಂಜೆಕ್ಷನ್ ಹಾಕಿಸಿದ್ರೆ ವರ್ಷಕ್ಕೆ ಆಗುತ್ತಂತಲ್ಲ?

ಆರು ಲಕ್ಷ ಯೂನಿಟ್ ಇಂಜೆಕ್ಷನ್ ಇದೆ. ಕರುಳಿನಲ್ಲಿ ಮದ್ದು ಹತ್ತದವರಿಗೆ ಡಾಕ್ಟರು ಯೋಚಿಸಿ ಕೊಡುವುದುಂಟು. ಸುಲಭ ಅಂತ ಹಾಕಿಸಿಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಬಾಯಲ್ಲಿ ಕೊಟ್ಟು ನೋಡಿದರು. 2010ರಲ್ಲಿ ಫಲಿತಾಂಶ ಬಂತು. ಕೊಟ್ಟವರಲ್ಲೇ ಬೀಳುವುದೂ ಮೂಳೆ ಮುರಿಯುವುದೂ ಜಾಸ್ತಿಯಾಗಿತ್ತು.

ನಾವು ಸಸ್ಯಾಹಾರಿಗಳು. ಈ ಮದ್ದಿನಲ್ಲಿ ಏನಿರುತ್ತೆ?

ಮಡಿ ಮಾಡುವ ಅಜ್ಜಿಯರು ಕೇಳಿದಾಗ ನಾನು ಮುಚ್ಚಿಡುವುದಿಲ್ಲ. ಮದ್ದಿಗೆ ಬಳಸುವ ವಿಟಮಿನ್ ಡಿ, ಅಂದರೆ ಡಿ3, ಹೆಚ್ಚಾಗಿ ತಯಾರಾಗುವುದು ಕುರಿ ಉಣ್ಣೆಯ ಜಿಡ್ಡಿನಿಂದ. ಅದಕ್ಕೆ ಕುರಿಯನ್ನು ಕೊಲ್ಲುವುದಿಲ್ಲ. ಮೆತ್ತನೆಯ ಕ್ಯಾಪ್ಸೂಲಿನ ಹೊರಕವಚ ಮಾತ್ರ ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ಅದು ಬೇಡವಾದರೆ ಪೌಡರ್ ಅಥವಾ ದ್ರವ ಕೇಳಿ. ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಕೂಡ ಸಿಗುತ್ತದೆ, ಬೆಲೆ ಹೆಚ್ಚು. ಬೆಲೆಯ ಮಾತು ಬಂತಲ್ಲ, ಜನೌಷಧಿ ಕೇಂದ್ರಗಳಲ್ಲಿ ಇದೇ ಮದ್ದು ಅಗ್ಗಕ್ಕೆ ಸಿಗುತ್ತದೆ. ನನ್ನ ಅಂಗಡಿಗೇ ಬರಬೇಕು ಅಂತೇನಿಲ್ಲ.

ಊಟದಿಂದಲೇ ವಿಟಮಿನ್ ಡಿ ಸಿಗಲ್ವಾ?

ಬಹಳ ಕಡಿಮೆ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನಿನಲ್ಲಿ ಒಳ್ಳೆ ಪ್ರಮಾಣದಲ್ಲಿದೆ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್. ನೀಲಿ ಬಣ್ಣದ ಪ್ಲಸ್ ಎಫ್ ಗುರುತಿನ ಹಾಲಿಗೆ ವಿಟಮಿನ್ ಡಿ ಸೇರಿಸಿರುತ್ತಾರೆ, ಲೀಟರಿಗೆ 200ರಿಂದ 300 ಯೂನಿಟ್. ಒಂದು ಲೋಟಕ್ಕೆ 40ರಿಂದ 60 ಅಷ್ಟೇ. ಎಪ್ಪತ್ತು ದಾಟಿದವರಿಗೆ ದಿನಕ್ಕೆ 800 ಬೇಕು. ಲೆಕ್ಕ ಕೂಡುವುದಿಲ್ಲ, ಅಲ್ವಾ?

ನಾವು ದಿನಾ ರಾಗಿ ಮುದ್ದೆ ತಿನ್ನೋರು. ಕ್ಯಾಲ್ಸಿಯಂ ಮಾತ್ರೆ ಯಾಕೆ?

ನಿಮಗೆ ಬೇಡದೇ ಇರಬಹುದು! ಧಾನ್ಯಗಳಲ್ಲಿ ರಾಗಿಗೆ ಸಾಟಿ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದೇ ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಕೂಡ ಇಲ್ಲ. ಎಂಬತ್ತು ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 280 ಸಿಕ್ಕಿತು. ಜೊತೆಗೆ ನುಗ್ಗೆ ಸೊಪ್ಪಿನ ಸಾರೋ ದಂಟಿನ ಸೊಪ್ಪಿನ ಪಲ್ಯವೋ, ಹುರುಳಿ ಬಸ್ಸಾರೋ ಇದ್ದರೆ ಇನ್ನಷ್ಟು. ಒಂದು ದೊಡ್ಡ ಲೋಟ ಹಾಲು ಅಥವಾ ಮೊಸರಿನಲ್ಲಿ 240ರ ಸುಮಾರು. ಒಂದು ಚಮಚ ಕರಿ ಎಳ್ಳಿನ ಪುಡಿಯಲ್ಲಿ 100ರ ಹತ್ತಿರ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1,200 ಮಿಲಿಗ್ರಾಂ ಬೇಕು. ಎರಡು ಹೊತ್ತು ಮುದ್ದೆ, ಸೊಪ್ಪು, ಎರಡು ಲೋಟ ಹಾಲು ಮೊಸರು ಇದ್ದರೆ ಹತ್ತಿರ ಹತ್ತಿರ ಆಗಿಯೇ ಹೋಗುತ್ತದೆ.

ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಸ್ವಲ್ಪ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸಿದರೆ, ಅಂಬಲಿ ಹುಳಿ ಬರಿಸಿದರೆ ಅದು ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯರು ಇದನ್ನು ಮಾಡುತ್ತಲೇ ಬಂದಿದ್ದಾರೆ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದನ್ನು ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಜಾಸ್ತಿ, ಹೆಚ್ಚು ಸಿಗುವುದಿಲ್ಲ.

ನನಗೆ ಚಿಂತೆ ಇರುವುದು ಬೇರೆಯವರ ಬಗ್ಗೆ. ಹಲ್ಲಿಲ್ಲ ಅಂತ ಬರೀ ಅನ್ನ ತಿಳಿಸಾರು, ಬೆಳಿಗ್ಗೆ ಸಂಜೆ ಟೀ ಬನ್ನು ತಿನ್ನುವ ಹಿರಿಯರು. ಶುಗರ್ ಇದೆ ಅಂತ ಊಟವನ್ನೇ ಅರ್ಧ ಮಾಡಿಕೊಂಡವರು. ಅವರಿಗೆ ಮಾತ್ರೆ ಬೇಕಾಗಬಹುದು. ಅದಕ್ಕೂ ಮೊದಲು ಊಟಕ್ಕೆ ಬೇಳೆ, ಕಾಳು, ಮೊಟ್ಟೆ ಸೇರಿಸಿ. ಮೂಳೆಯ ಹಂದರ ಪ್ರೋಟೀನಿನದು.

ಕ್ಯಾಲ್ಸಿಯಂ ಮಾತ್ರೆ ಯಾವಾಗ ನುಂಗಬೇಕು? ಕಿಡ್ನಿ ಕಲ್ಲಾಗುತ್ತಾ?

ಮಾತ್ರೆಯ ಪಟ್ಟಿ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ಇದ್ದರೆ ಊಟದ ಜೊತೆ. ಸಿಟ್ರೇಟ್ ಇದ್ದರೆ ಯಾವಾಗಲಾದರೂ. ಒಂದು ಹೊತ್ತಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಬೇಡ, ಮೈ ಹೀರಿಕೊಳ್ಳುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲೇಬೇಕು. ಎರಡನ್ನೂ ಬೆಳಿಗ್ಗೆ ಒಟ್ಟಿಗೆ ನುಂಗಿ "ಥೈರಾಯ್ಡ್ ಕಂಟ್ರೋಲಿಗೆ ಬರ್ತಿಲ್ಲ" ಅನ್ನುವವರನ್ನು ವಾರಕ್ಕೊಬ್ಬರನ್ನು ನೋಡುತ್ತೇನೆ.

ಊಟದ ಕ್ಯಾಲ್ಸಿಯಂನಿಂದ ಕಲ್ಲಾಗುವ ಭಯ ಬೇಡ. ಮಾತ್ರೆಯಿಂದ ಸ್ವಲ್ಪ ಮಟ್ಟಿಗೆ ಸಾಧ್ಯತೆ ಹೆಚ್ಚುತ್ತದೆ. ಮೊದಲೇ ಕಲ್ಲಾಗಿದ್ದವರು ಡಾಕ್ಟರಿಗೆ ಹೇಳಿ.

ಡೆಕ್ಸಾ ಸ್ಕ್ಯಾನ್ ಅಂದ್ರೇನು?

ಸೊಂಟದ ಕೀಲು ಮತ್ತು ಬೆನ್ನುಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ. ನೋವಿಲ್ಲ, ಸೂಜಿ ಇಲ್ಲ. ಅದರ ಫಲಿತಾಂಶದ ಅಂಕಕ್ಕೆ ಟಿ ಸ್ಕೋರ್ ಅನ್ನುತ್ತಾರೆ. ಅದು ಮೈನಸ್ 1ರ ಮೇಲಿದ್ದರೆ ಸರಿ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ. ನಡುವೆ ಇದ್ದರೆ ಟೊಳ್ಳಾಗುವ ದಾರಿಯಲ್ಲಿದೆ. ಕ್ಯಾಂಪುಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರ ಇದಲ್ಲ. ಅದರ ಮೇಲೆ ಮಾತ್ರ ನಂಬಿ ಮದ್ದು ಶುರು ಮಾಡಬೇಡಿ.

ಸ್ಕ್ಯಾನ್ ಇಲ್ಲದೆಯೂ ಒಂದು ಗುರುತಿದೆ. ಅಮ್ಮ ಗಿಡ್ಡ ಆಗುತ್ತಿದ್ದಾರಾ? ಬೆನ್ನು ಗೂನಾಗುತ್ತಿದೆಯಾ? ಮೊದಲು ಎಟುಕುತ್ತಿದ್ದ ಡಬ್ಬ ಈಗ ಎಟುಕುವುದಿಲ್ಲವಾ? ಎತ್ತರ ಒಂದೂವರೆ ಇಂಚಿಗಿಂತ ಹೆಚ್ಚು ಕಡಿಮೆಯಾಗಿದ್ದರೆ ಬೆನ್ನುಮೂಳೆಯ ಗಿಣ್ಣು ಸದ್ದಿಲ್ಲದೆ ಕುಸಿದಿರಬಹುದು. ಬಿಂದಿಗೆ ಎತ್ತಿದಾಗ, ಬಸ್ಸು ಹಂಪಿನ ಮೇಲೆ ಹಾರಿದಾಗ ಬೆನ್ನಲ್ಲಿ ಛಳಕ್ ಅಂದು ವಾರಗಟ್ಟಲೆ ನೋವಿದ್ದರೂ ಅಷ್ಟೇ. ಬರೀ ನೋವಿನ ಮಾತ್ರೆ ಕೇಳಿಕೊಂಡು ಬರಬೇಡಿ, ಎಕ್ಸ್‌ರೇ ತೆಗೆಸಿ.

ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಅದಕ್ಕೂ ಮೂಳೆಗೂ ಸಂಬಂಧ ಇದ್ಯಾ?

ಇದೆ, ಮತ್ತು ನಮ್ಮ ಕಡೆಯವರು ಇದನ್ನು ತಿಳಿದಿರಲೇಬೇಕು. ಪಾವಗಡ, ಬಾಗೇಪಲ್ಲಿಯಂಥ ತಾಲ್ಲೂಕುಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ತೊಂದರೆ ಶುರು. ಮೊದಲು ಕಾಣುವುದು ಹಲ್ಲಿನ ಕಂದು ಕಲೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಬೆನ್ನು, ಕುತ್ತಿಗೆ ಬಗ್ಗದ ಹಾಗೆ ಬಿಗಿಯುತ್ತವೆ. ಮೂಳೆ ನೋಡಲು ದಪ್ಪ, ಒಳಗೆ ಪೆಡಸು. ಸ್ಕ್ಯಾನ್‌ನಲ್ಲಿ ಸಾಂದ್ರತೆ ಚೆನ್ನಾಗಿದೆ ಅಂತ ಬಂದರೂ ಅಂಥ ಮೂಳೆ ಮುರಿಯಬಹುದು. ಹಾಗಾಗಿ ದೂರದ ಊರಿನ ಡಾಕ್ಟರ ಹತ್ತಿರ ಹೋದಾಗ ನಿಮ್ಮ ಊರು, ನಿಮ್ಮ ನೀರಿನ ವಿಷಯ ನೀವೇ ಹೇಳಿ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಫ್ಲೋರೈಡಿನ ಕಾಟ ಹೆಚ್ಚು.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿ ಇನ್ನೂ ಗಾಢವಾಗುತ್ತದೆ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ವಿಟಮಿನ್ ಡಿ ಸರಿಯಾಗಿ ತಗೊಂಡ್ರೆ ಮೂಳೆ ಮುರಿಯಲ್ಲ ಅಲ್ವಾ?

ಹಾಗೆ ಹೇಳಲು ನನಗೆ ಆಗುವುದಿಲ್ಲ. ಅಮೆರಿಕದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರ ಮೇಲೆ ವೈಟಲ್ ಎಂಬ ಅಧ್ಯಯನ ನಡೆಯಿತು. ದಿನಾ 2,000 ಯೂನಿಟ್ ತೆಗೆದುಕೊಂಡವರಲ್ಲಿ ಮೂಳೆ ಮುರಿತ ಕಡಿಮೆಯಾಗಲಿಲ್ಲ ಅಂತ 2022ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರಿಗೆ ಕೊರತೆಯೇ ಇರಲಿಲ್ಲ ಅನ್ನುವುದನ್ನೂ ನೆನಪಿಡಿ. ಕೊರತೆ ಇದ್ದವರಿಗೆ ಅದನ್ನು ತುಂಬುವುದು ಬೇಕೇ ಬೇಕು. ಇಲ್ಲದವರಿಗೆ ಮೇಲೆ ಮೇಲೆ ಸುರಿದರೆ ಮೂಳೆ ಗಟ್ಟಿಯಾಗುವುದಿಲ್ಲ.

ಹಿರಿಯರ ಸೊಂಟದ ಕೀಲು ಸಾಮಾನ್ಯವಾಗಿ ಮುರಿಯುವುದು ಬಿದ್ದಾಗ. ಆದ್ದರಿಂದ ಪೌಡರ್ ಕೊಂಡು ಹೋಗುವ ಮಗನಿಗೆ ನಾನು ಕೇಳುತ್ತೇನೆ: ಬಚ್ಚಲಲ್ಲಿ ಹಿಡಿಕೆ ಹಾಕ್ಸಿದ್ದೀಯೇನಪ್ಪಾ?

ಪಾಚಿ ಕಟ್ಟಿದ ಬಚ್ಚಲ ಕಲ್ಲು, ರಾತ್ರಿ ಮೂತ್ರಕ್ಕೆ ಏಳುವಾಗ ಕತ್ತಲು, ಸವೆದ ಹವಾಯಿ ಚಪ್ಪಲಿ, ಎತ್ತರದ ಹೊಸಿಲು, ಕಾಲಿಗೆ ಸಿಕ್ಕುವ ಸೀರೆ ಅಂಚು, ಆಪರೇಷನ್ ಆಗದ ಕಣ್ಣಿನ ಪೊರೆ. ಇವೆಲ್ಲ ಬೀಳಿಸುತ್ತವೆ. ಮಾತ್ರೆಗಳೂ ಬೀಳಿಸುತ್ತವೆ. ನಿದ್ದೆ ಮಾತ್ರೆ, ಮಂಪರು ತರುವ ಶೀತದ ಮಾತ್ರೆ, ಡೋಸ್ ಹೆಚ್ಚಾದ ಬಿಪಿ ಮಾತ್ರೆ. ಎದ್ದ ತಕ್ಷಣ ತಲೆ ಸುತ್ತಿದರೆ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ನಾನು ಕಂಡ ಹಾಗೆ, ಎರಡು ಕಡೆ ಬರೆಸಿಕೊಂಡ ಒಂದೇ ಮದ್ದು ಬೇರೆ ಬೇರೆ ಹೆಸರಿನಲ್ಲಿ ಆ ಚೀಲದಲ್ಲಿ ಇದ್ದೇ ಇರುತ್ತದೆ.

ಮತ್ತೆ ಕಾಲಿಗೆ ಕೆಲಸ ಕೊಡಿ. ಕೈಯಿಲ್ಲದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಅಡುಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲುವುದು, ಒಂದೇ ಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು. ಬೆನ್ನುಮೂಳೆ ಟೊಳ್ಳಾಗಿರುವವರು ಪಶ್ಚಿಮೋತ್ತಾನಾಸನ, ಪಾದಹಸ್ತಾಸನದ ಹಾಗೆ ಪೂರಾ ಮುಂದಕ್ಕೆ ಬಗ್ಗುವ ಆಸನ ಮಾಡಬಾರದು.

ಬಿದ್ದು ಸೊಂಟ ಮುರಿದ್ರೆ ಏನು ಮಾಡ್ಬೇಕು? ಈ ವಯಸ್ಸಲ್ಲಿ ಆಪರೇಷನ್ ಬೇಕಾ?

ಬಿದ್ದ ಮೇಲೆ ಎದ್ದು ನಿಲ್ಲಲಾಗದೆ, ತೊಡೆಸಂದಿಯಲ್ಲಿ ನೋವಿದ್ದು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲು ಮುರಿದಿದೆ ಅಂತಲೇ ತಿಳಿಯಿರಿ. ನಡೆಸಲು ಹೋಗಬೇಡಿ. ಎಣ್ಣೆ ನೀವಬೇಡಿ. 108ಕ್ಕೆ ಫೋನ್ ಮಾಡಿ.

ನನ್ನ ಅತ್ತೆ ಬಚ್ಚಲಲ್ಲಿ ಬಿದ್ದಾಗ ಮನೆ ತುಂಬ ಜನ ಸೇರಿದರು. "ಎಪ್ಪತ್ತೆಂಟಾಯ್ತು, ಕತ್ತರಿ ಯಾಕೆ, ನಾಟಿ ಕಟ್ಟು ಹಾಕ್ಸಿ ಮಲಗಿಸೋಣ" ಅಂದವರೇ ಹೆಚ್ಚು. ಪ್ರೀತಿಯಿಂದಲೇ ಅಂದರು. ಆದರೆ ಮಲಗಿಸುವುದೇ ಅಪಾಯ. ಬೆನ್ನಿಗೆ ಹುಣ್ಣು, ಶ್ವಾಸಕೋಶಕ್ಕೆ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪು. ಸೊಂಟದ ಕೀಲು ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಒಂದೆರಡು ದಿನದೊಳಗೆ ಆಪರೇಷನ್ ಮಾಡಿ, ಮರುದಿನವೇ ಎಬ್ಬಿಸಿ ನಿಲ್ಲಿಸಿದರೆ ಬದುಕುವ, ನಡೆಯುವ ಸಾಧ್ಯತೆ ಹೆಚ್ಚು. ಅತ್ತೆಗೆ ಎರಡನೇ ದಿನ ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಅಂಗಳದ ತುಳಸಿಯವರೆಗೆ ಹೋಗಿ ಬರುತ್ತಾರೆ.

ಆಪರೇಷನ್ ಆದ ಮೇಲೆ ಒಂದು ಮಾತು ಕೇಳಲು ಮರೆಯಬೇಡಿ: "ಟೊಳ್ಳಾದ ಮೂಳೆಗೆ ಮದ್ದು ಯಾವುದು?" ಮುರಿದದ್ದನ್ನು ಕೂಡಿಸಿ ಕಳಿಸುತ್ತಾರೆ, ಎಷ್ಟೋ ಸಲ ಈ ಮಾತೇ ಬರುವುದಿಲ್ಲ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಸಂಭವ ಜಾಸ್ತಿ.

ವಾರಕ್ಕೊಂದು ಮೂಳೆ ಮಾತ್ರೆ ಕೊಟ್ಟಿದ್ದಾರೆ. ಎದೆ ಉರಿ ಬರ್ತಿದೆ.

ಅದು ಟೊಳ್ಳಾದ ಮೂಳೆಗೆ ಕೊಡುವ ಅಲೆಂಡ್ರೋನೇಟ್ ಇರಬೇಕು, 70 ಮಿಲಿಗ್ರಾಂ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಕಾಫಿ, ಹಾಲು ಬೇಡ. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ನಿಂತು ಸುಡುತ್ತದೆ. ಹೀಗೆ ಮಾಡಿಯೂ ಉರಿ ಇದ್ದರೆ ನಿಲ್ಲಿಸಿ ಡಾಕ್ಟರನ್ನು ಕೇಳಿ. ಅದರ ಬದಲಿಗೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೋನಿಕ್ ಆಸಿಡ್ ಇದೆ. ಆರು ತಿಂಗಳಿಗೊಮ್ಮೆ ಹಾಕುವ ಡೆನೊಸುಮ್ಯಾಬ್ ಇಂಜೆಕ್ಷನ್ ಇದೆ. ಈ ಎರಡಕ್ಕೂ ಮುಂಚೆ ವಿಟಮಿನ್ ಡಿ ಸರಿ ಇರಬೇಕು, ಇಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಡೆನೊಸುಮ್ಯಾಬ್ ಶುರು ಮಾಡಿದರೆ ತಾರೀಕು ತಪ್ಪಿಸಬೇಡಿ. ನಡುವೆ ಬಿಟ್ಟರೆ ಬೆನ್ನುಮೂಳೆ ಮುರಿಯುವ ಅಪಾಯ ಒಮ್ಮೆಲೇ ಏರುತ್ತದೆ. ಹಲ್ಲು ಕೀಳಿಸುವುದಿದ್ದರೆ ಈ ಮದ್ದುಗಳಿಗೆ ಮೊದಲೇ ಮುಗಿಸಿಕೊಳ್ಳಿ.

ಮೂಳೆ ಟೊಳ್ಳಾಗೋದು ಹೆಂಗಸರ ಕಾಯಿಲೆ ಅಲ್ವಾ?

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಕರಗುವುದು ನಿಜ. ಆದರೆ ಗಂಡಸರಿಗೂ ಬರುತ್ತದೆ. ಬೀಡಿ, ಕುಡಿತ, ಉಬ್ಬಸಕ್ಕೆ ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ ಇದ್ದರೆ ಇನ್ನೂ ಬೇಗ. ಸೊಂಟ ಮುರಿದ ಮೇಲೆ ಸಾಯುವ ಸಂಭವ ಹೆಂಗಸರಿಗಿಂತ ಗಂಡಸರಿಗೇ ಹೆಚ್ಚು.

ಅಪ್ಪ ಅಮ್ಮ ಆರು ತಿಂಗಳು ಮಗಳ ಮನೆಗೆ ಲಂಡನ್‌ಗೆ ಹೋಗ್ತಿದ್ದಾರೆ. ಏನು ಕಳಿಸ್ಲಿ?

ಅಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಬಿಸಿಲಿನಲ್ಲಿ ವಿಟಮಿನ್ ಡಿ ಮಾಡುವ ಕಿರಣ ಸಾಲುವುದಿಲ್ಲ. ಆ ತಿಂಗಳುಗಳಲ್ಲಿ ಎಲ್ಲರೂ ದಿನಕ್ಕೆ 400 ಯೂನಿಟ್ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ. ನಮ್ಮಂಥ ಮೈಬಣ್ಣದವರಿಗೆ, ಮನೆಯೊಳಗೇ ಇರುವವರಿಗೆ ವರ್ಷಪೂರ್ತಿ. ವಯಸ್ಸಾದವರು ಹೊರಡುವ ಮುಂಚೆ ಡಾಕ್ಟರ ಹತ್ತಿರ ದಿನದ ಡೋಸ್ ಬರೆಸಿಕೊಳ್ಳಲಿ, ಚೀಟಿ ಮದ್ದಿನ ಜೊತೆಗೇ ಇರಲಿ. ವಾರದ ಪೌಡರ್ ನಡುವೆ ಇದ್ದರೆ ಎಷ್ಟು ಆಯಿತು, ಎಷ್ಟು ಉಳಿದಿದೆ ಅಂತ ಕನ್ನಡದಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಮತ್ತೆ ಒಳ್ಳೆ ಹಿಡಿತ ಇರುವ ಶೂ ಕೊಡಿಸಿ. ಅಲ್ಲಿ ಚಳಿಗಾಲದ ಬೆಳಿಗ್ಗೆ ದಾರಿ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ, ಚಪ್ಪಲಿ ನಿಲ್ಲುವುದಿಲ್ಲ.